ಕೈಗೆ ಚಿಪ್ಪು

ಬ್ಯಾಡಗಿ ಪೇಟೆಯಲ್ಲಿ ಕಂಪ್ಯೂಟರಿಗೂ ಕೆಮ್ಮು.
ತಿಂಗಳಿಗೊಮ್ಮೆ ಫ್ಯಾನು ಬಿಚ್ಚಿ ಊದಿದರೆ
ಕೆಂಪು ಧೂಳು, ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟು.
ಸೀನಿ ಸೀನಿ ಕಣ್ಣೊರೆಸಿಕೊಳ್ಳುತ್ತ
ಐದು ವರ್ಷದಿಂದ ಈ ಕೋಲ್ಡ್ ಸ್ಟೋರೇಜಿನ ಲೆಕ್ಕ ಕಾಯುತ್ತಿದ್ದೇನೆ:
ಯಾರ ಚೀಲ, ಯಾವ ಅಂಕಣ, ಯಾರಿಗೆಷ್ಟು ಮುಂಗಡ.

ರಾತ್ರಿ ಪಾಳಿಯ ಇಮಾಮಸಾಬ ಹೆಬಸೂರ ಕೇಳಿದ:
‘ಅಕ್ಕಾರ, ಇದರ ಕೀಲಿ ಎಲ್ಲಿಟ್ಟೀರಿ?’
ನನ್ನ ಹತ್ತಿರ ಇಲ್ಲ ಎಂದೆ.
‘ಸಾವಕಾರ್ರ ಹತ್ರ?’ ಇಲ್ಲ.
‘ಮತ್ತ್ಯಾರ ಹತ್ರ ಐತಿ?’

ಹುಟ್ಟಿದ್ದೇ ಒಳಗೆ, ಇಮಾಮಸಾಬ,
ಉಗುರಿನಷ್ಟಗಲದ ಒಂದು ಚಿಪ್ಪಿನ ಆಣೆಯ ಮೇಲೆ.
ಕರ್ನಲ್ಲು ಮಾತ್ರ ಅದನ್ನು ಮುಟ್ಟುತ್ತದೆ,
ಮುಟ್ಟಿದ್ದನ್ನು ಯಾರಿಗೂ ಹೇಳುವುದಿಲ್ಲ.
ನಮ್ಮ ಕೈಗೆ ಬರುವುದು ಅರಗು ಒತ್ತಿದ ಲಕೋಟೆ.
ನಕಲು ಮಾಡಿ, ಬೇಕಾದರೆ ಗೋಡೆಗೆ ಅಂಟಿಸಿ,
ಒಡೆಯಲು ಮತ್ತೆ ಆ ಚಿಪ್ಪೇ ಬೇಕು.

‘ಇದು ನಮ್ಮ ದನದ ಪ್ಯಾಟಿ ಆತಲ್ಲ!’
ಹೆಗಲ ವಸ್ತ್ರ ತೆಗೆದು ತನ್ನ ಎರಡೂ ಕೈ ಮುಚ್ಚಿಕೊಂಡ.
ಇಪ್ಪತ್ತು ವರ್ಷ ಹುಬ್ಬಳ್ಳಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವ.
ಬಟ್ಟೆಯ ಕೆಳಗೆ ಬೆರಳು ಬೆರಳಿಗೆ ದರ ಹೇಳುತ್ತದೆ,
ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ.
‘ಎತ್ತಿಗೂ ಗೊತ್ತಿಲ್ಲರೀ ತನ್ನ ರೇಟು.’

ಒಂದನ್ನು ಮಾತ್ರ ಅವನಿಗೆ ಹೇಳಲಿಲ್ಲ.
ಕೀಲಿ ಕೊಡುವ ಮುನ್ನ ಚಿಪ್ಪು ಮನೆಯ ಗುರುತು ಹಿಡಿಯುತ್ತದೆ:
ಮೊದಲು ಎದ್ದವರು ಯಾರು, ಅವರ ಬೆನ್ನಿಗೆ ಯಾರು,
ಎಲ್ಲವನ್ನೂ ಎದ್ದ ಸರದಿಯಲ್ಲೇ ಕುಟ್ಟಿ
ಒಂದೇ ಖಾರ ಮಾಡಿ ಇಟ್ಟುಕೊಂಡಿರುತ್ತದೆ.
ಕುಟ್ಟಿದ ಖಾರದಿಂದ ಕಾಯಿ ಮರಳಿ ಬಾರದು.
ಆದರೆ ಡಬ್ಬಿ ಕಾಯಿಯ ನಡುವೆ
ಗುಂಟೂರಿನದೊಂದು ಬಿದ್ದರೂ ನಾಲಗೆಗೆ ಗೊತ್ತು.

ಫೆಬ್ರವರಿಯ ಸೋಮವಾರ, ಹೊರಗೆ ಲಕ್ಷ ಚೀಲ,
ಒಳಗೆ ಸುಟ್ಟ ವಾಸನೆ.
ಬೋರ್ಡು ಹೋಯಿತು.
ಡಿಸ್ಕಿನಲ್ಲಿ ಒಂದಕ್ಷರವೂ ಅಳಿದಿಲ್ಲ,
ಒಂದಕ್ಷರವೂ ಓದುವ ಹಾಗಿಲ್ಲ.

ಚಿಪ್ಪನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಹುಬ್ಬಳ್ಳಿ ಬಸ್ಸು ಹತ್ತಿದೆ.
ಕೊಪ್ಪೀಕರ ರಸ್ತೆಯ ಮಹಡಿಯ ಮೇಲೆ ವಿಲಾಸ ಪತ್ತಾರ,
ಅಜ್ಜನಿಂದ ಬಂದ ಚಿನ್ನದ ಬೆಸುಗೆಯ ಕೈ.
ಅದೇ ಕಂಪನಿ, ಅದೇ ಮಾದರಿಯ ಬೋರ್ಡಿಗೆ ಕೂಡಿಸಿದ.
ಜೀವ ಇತ್ತು. ಮಾತಾಡಿತು. ಕೀಲಿ ಕೊಡಲಿಲ್ಲ.
‘ಹಠಮಾರಿ ಐತ್ರಿ’ ಎಂದ ವಿಲಾಸ.
ಹಠ ನನ್ನದು. ಷರತ್ತು ಬರೆದವಳು ನಾನೇ.
‘ಇನ್ನೊಂದು ಪ್ರತಿ ಮಾಡಿಡಬೇಕು’
ಎಂದು ಡೈರಿಯಲ್ಲಿ ಮೂರು ಸಲ ಬರೆದವಳೂ ನಾನೇ.

ಮರಳುವಾಗ ಬಸ್ಸಿನಲ್ಲಿ ನಗು ಬಂತು.
ಹಿಂದಿನವರು ಸುಮ್ಮನೆ ಅಂದಿಲ್ಲ, ಕೈಗೆ ಚಿಪ್ಪು ಅಂತ.

ಮರುದಿನದಿಂದ ಸಾಲು.
ಮಾಸಿದ ಚೀಟಿ, ಬೀಡಿ ಕಟ್ಟಿನ ಹಿಂದೆ ಬರೆದ ಅಂಕಿ,
ಏನೂ ಇಲ್ಲದವರ ಬಾಯಿ ಲೆಕ್ಕ.
ಕೇಳಿದೆ, ಬರೆದೆ. ತಾಳೆ ನೋಡಲು ನನ್ನ ಬಳಿ ಏನಿತ್ತು?
ಮೋಟೆಬೆನ್ನೂರಿನ ಬಾಳವ್ವ ಹದಿನೇಳು ಚೀಲ ಎಂದವಳು
ಬಾಗಿಲ ತನಕ ಹೋಗಿ ತಿರುಗಿ ಬಂದಳು:
‘ಹದಿನಾರು ಬರ್ಕೋ ತಂಗಿ, ಒಂದು ಮಗಳ ಮನೀಗೆ ಒಯ್ದಿದ್ದೆ.’
ಹಿಂದೆ ನಿಂತ ಒಬ್ಬ ದಲ್ಲಾಳಿ ತನ್ನ ಚೀಟಿ ಮಡಚಿ
ಜೇಬಿಗಿಟ್ಟುಕೊಂಡು ಹೊರಟುಹೋದ.
ಅದರಲ್ಲೇನಿತ್ತೋ.

ಈಗ ಹೊಸ ಬೋರ್ಡು, ಹೊಸ ಚಿಪ್ಪು,
ಒಳಗೆ ಯಾರೂ ನೋಡದೆ ಹುಟ್ಟಿದ ಹೊಸ ಕೀಲಿ.
ಧೂಳು ಬಾರದಿರಲೆಂದು ಇಮಾಮಸಾಬ
ಫ್ಯಾನಿನ ಬಾಯಿಗೆ ತನ್ನ ವಸ್ತ್ರ ಕಟ್ಟಲು ಬಂದ.
ಬೇಡ ಮಾರಾಯ, ಉಸಿರು ಕಟ್ಟುತ್ತದೆ ಎಂದೆ.
‘ಹೋಗ್ಲಿ, ಈ ಸಲ ಇನ್ನೊಂದು ಪ್ರತಿ ಮಾಡೀರೇನು?’
ಮಾಡಿದ್ದೇನೆ.
‘ಎಲ್ಲಿಟ್ಟೀರಿ?’

ಅವನ ವಸ್ತ್ರ ಇಸಕೊಂಡು
ನನ್ನ ಎರಡೂ ಕೈ ಮುಚ್ಚಿಕೊಂಡೆ.