ಎಡಗನ್ನಡಿ

ಬ್ಯಾಡ್ಜ್ ಬಂತಂತಲ್ಲ, ತೋರಿಸು.
ಫೋಟೋದಲ್ಲಿ ಕಳ್ಳನ ಹಾಗೆ ಕಾಣುತ್ತೀ,
ಎಲ್ಲರೂ ಹಾಗೇ ಕಾಣುತ್ತಾರೆ, ಪರವಾಗಿಲ್ಲ.
ಕೂತುಕೋ. ಟೀ ಆರುವವರೆಗೆ ಒಂದು ಮಾತು.

ಗೋಣಿಬೀಡು ದಾಟಿ ಎರಡನೇ ತಿರುವು,
ಫೆಬ್ರವರಿ, ಬೆಳಿಗ್ಗೆ ಏಳೂಕಾಲು.
ಬಿಸಿಲು ನೇರ ಗಾಜಿಗೆ.
ಮುಂದೆ ಟಿವಿಎಸ್ ಮೇಲೆ ಐತಪ್ಪ, ಮೆಣಸು ಕೊಯ್ಯುವವನು,
ಹೆಗಲ ಮೇಲೆ ಬಿದಿರಿನ ಒಂಟಿ ಏಣಿ.
ಹೆಸರು ಆಮೇಲೆ ಗೊತ್ತಾಗಿದ್ದು.
ಆಗ ನನಗೆ ಅವನೊಂದು ಏಣಿ, ಅಷ್ಟೆ.

ಹಾರ್ನ್ ಹಾಕಿ ಬಲಕ್ಕೆ ಎಳೆದೆ. ಅವನು ತಿರುಗಿ ನೋಡಿದ.
ಮನುಷ್ಯ ತಿರುಗಿದರೆ ಏಣಿಯೂ ತಿರುಗುತ್ತದೆ,
ಇದನ್ನು ಯಾವ ಡ್ರೈವಿಂಗ್ ಸ್ಕೂಲೂ ಹೇಳಿಕೊಡುವುದಿಲ್ಲ.
ಟಪ್ ಎಂದಿತು. ಅಷ್ಟೇ ಸದ್ದು.
ಎಡಗನ್ನಡಿ ಹೋಯಿತು. ಅದರ ಜೊತೆಗೆ
ಅದರೊಳಗಿದ್ದ ಮನುಷ್ಯನೂ ಹೋದ.

ಆಗ ಕಾಲು ಒಂದು ಮಾತು ಹೇಳುತ್ತದೆ,
ಬಲಗಾಲು, ತಲೆಗಿಂತ ಮುಂಚೆ.
ಒತ್ತು, ಅನ್ನುತ್ತದೆ. ಹಿಂದೆ ಕಾಣಿಸದಿದ್ದರೆ
ಹಿಂದೆ ಏನೂ ಇಲ್ಲ, ಅನ್ನುತ್ತದೆ.
ನಿನ್ನ ಹತ್ತಿರ ಯಾಕೆ ಸುಳ್ಳು, ನಲವತ್ತು ಮಾರು ಹೋದೆ.

ಇಳಿದು ಓಡಿದೆ. ಅವನ ಕಾಲು
ಬಾಗಬಾರದ ಕಡೆಗೆ ಬಾಗಿತ್ತು.
ನೂರೆಂಟಕ್ಕೆ ಫೋನು ಹಚ್ಚಿದೆ. ಎಲ್ಲಿ, ಎಂದರು.
ಇಪ್ಪತ್ತು ವರ್ಷ ಓಡಿಸಿದ ರಸ್ತೆ,
ಹೆಸರು ಬಾಯಿಗೆ ಬರಲಿಲ್ಲ.
ಅದಕ್ಕೇ ಹೇಳುವುದು, ಕಲ್ಲು ಓದುತ್ತ ಓಡಿಸು:
ಎಷ್ಟನೇ ಕಿಲೋಮೀಟರ್, ಯಾವ ಮೋರಿ, ಯಾರ ತೋಟದ ಗೇಟು.
ಆ ಹೊತ್ತಿಗೆ ಬೇಕಾಗುವುದು ಅದೊಂದೇ ವಿದ್ಯೆ.

ಅಷ್ಟರಲ್ಲಿ ಧಣಿಗಳ ಫೋನು. ಬೆಣ್ಣೆಯಂಥ ದನಿ.
"ನಿನ್ನ ಲೈಸೆನ್ಸ್ ಮುಗಿದು ಎರಡು ತಿಂಗಳಾಯಿತಲ್ಲೋ,
ಇನ್ಶೂರೆನ್ಸಿನವರು ಬಿಡುತ್ತಾರಾ?
ನೀನು ಬಸ್ಸು ಹತ್ತು.
ದಯಾನಂದನದು ಸರಿಯಿದೆ, ಅವನ ಹೆಸರು ಕೊಡೋಣ."
ದಯಾನಂದ ಆಗ ಕೊಪ್ಪದಲ್ಲಿ ಗೊಬ್ಬರ ಇಳಿಸುತ್ತಿದ್ದ.
ತಾನು ಒಬ್ಬನಿಗೆ ಗುದ್ದಿದ್ದು, ಪಾಪ, ಅವನಿಗೇ ಗೊತ್ತಿಲ್ಲ.

ಠಾಣೆಗೆ ಮೆಟ್ಟಿಲು ಮೂರೇ. ನನಗೆ ಮುಗಿಯಲೇ ಇಲ್ಲ.
ರೈಟರ್ ತಿರುಪತಯ್ಯ, ನಾನು ಕೂರುವ ಮುಂಚೆಯೇ
"ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂದು ಬರೆದಾಗಿತ್ತು.
ಬಾಡಿಗೆ ಕೋಟಿನಂಥ ಸಾಲು ಅದು,
ಯಾರು ಹಾಕಿಕೊಂಡರೂ ಆಗುತ್ತದೆ.

ಏಣಿಯ ತುದಿಗೆ ಕೆಂಪು ಬಟ್ಟೆ ಇತ್ತಾ?
ಇರಲಿಲ್ಲ, ಎಂದೆ. ಅದು ನಿಜ.
ಎಷ್ಟು ದೂರ ಹೋಗಿ ನಿಲ್ಲಿಸಿದೆ?
ನೋಡಿದವರು ಯಾರೂ ಇರಲಿಲ್ಲ.
ನಲವತ್ತು ಮಾರು, ಎಂದೆ. ಅದೂ ನಿಜ.
ಪೆನ್ನು ಎತ್ತಿ ನನ್ನನ್ನೇ ನೋಡಿದರು,
ಅಂಗಡಿಯಲ್ಲಿ ಹೆಚ್ಚು ಬಂದ ಚಿಲ್ಲರೆ
ವಾಪಸು ಕೊಡುವವನನ್ನು ನೋಡುವ ಹಾಗೆ.
ಮಾರನೇ ದಿನ ಮಹಜರಿಗೆ ಟೇಪಿನ ಒಂದು ತುದಿ
ನಾನೇ ಹಿಡಿದುಕೊಂಡು ನಿಂತೆ.
ಎಪ್ಪತ್ತೊಂದು ಮೀಟರ್ ಬಂತು.

ಓಡಿಸುತ್ತಿದ್ದವನ ಹೆಸರು?
ಸಿಪ್ರಿಯನ್.
ಸಿಪರಾಯ ಎಂದು ಬರೆದು ಹೊಡೆದುಹಾಕಿದರು,
ಸಿಪಾಯಿ ಎಂದು ಬರೆದು ನಕ್ಕರು.
ಮೂರನೇ ಸಲ ಒಂದೊಂದೇ ಅಕ್ಷರ ನಾನೇ ಹೇಳಿದೆ.
ಇಗರ್ಜಿಯಲ್ಲಿ ಮದುವೆಯ ದಿನ ಕೂಡ
ನನ್ನ ಹೆಸರನ್ನು ಅಷ್ಟು ನಿಧಾನ ಹೇಳಿರಲಿಲ್ಲ.

ಕೆಲಸ ಹೋಯಿತು. ಕೇಸು ಮೂರು ವರ್ಷ.
ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ.
ಐತಪ್ಪ ಈಗ ಮರ ಹತ್ತುವುದಿಲ್ಲ,
ಕೆಳಗೆ ನಿಂತು ಬೇರೆಯವರ ಏಣಿ ಹಿಡಿಯುತ್ತಾನೆ.
ಸಂತೆಯಲ್ಲಿ ಸಿಕ್ಕಿದರೆ ಕೆಲವು ಸಲ ಮಾತಾಡುತ್ತಾನೆ,
ಕೆಲವು ಸಲ ಇಲ್ಲ.
ಹೇಗೆ ಬಂದರೂ ಹಾಗೆ ತೆಗೆದುಕೊಳ್ಳುತ್ತೇನೆ.

ಟೀ ಆರಿತು ನೋಡು.
ಬ್ಯಾಡ್ಜಿನ ಹಿಂದೆ ಡೇಟು ಇರುತ್ತದೆ, ಬಾಯಿಪಾಠ ಮಾಡು.
ಹೊರಡುವ ಮುಂಚೆ ಎಡಗನ್ನಡಿ ಒರೆಸು,
ನಿನ್ನ ಅಂಗಿಯಿಂದಲೇ ಆದರೂ ಸರಿ.