ಪಾಕ

ಗೊತ್ತಿರುವುದನ್ನು ಹುಡುಕಬೇಕಿಲ್ಲ, ಅದು ಕೈಯಲ್ಲೇ ಇದೆ.
ಗೊತ್ತಿಲ್ಲದ್ದನ್ನು ಹುಡುಕಲಾಗದು:
ಎದುರಿಗೇ ಬಂದು ನಿಂತರೂ
ಅದೇ ಇದು ಎಂದು ಗುರುತು ಹಿಡಿಯುವವರು ಯಾರು?

ಗಂಗೋತ್ರಿಯ ತರಗತಿಯಲ್ಲಿ ಈ ಎರಡು ಕೊಂಬಿನ ನಡುವೆ
ಒಂದು ವಾರ ಸಿಕ್ಕಿಕೊಂಡಿದ್ದೆ.
ಮೇಷ್ಟ್ರು ಸೀಮೆಸುಣ್ಣದ ಪುಡಿ ಕೊಡವಿ
"ಸೋಮವಾರಕ್ಕೆ ಐದು ಪುಟ" ಎಂದು ಹೊರಟೇ ಹೋದರು.

ಶನಿವಾರ ತೇಜಾವತಿಯ ಜತೆ ಮಂಡ್ಯಕ್ಕೆ ರೈಲು,
ಅಲ್ಲಿಂದ ಕೊತ್ತತ್ತಿಗೆ ಟೆಂಪೊ.
ಅವಳ ಸೋದರಮಾವನ ಆಲೆಮನೆಯಲ್ಲಿ
ರಾತ್ರಿಯ ಎರಡನೇ ಕೊಪ್ಪರಿಗೆ ಒಲೆಗೇರಿತ್ತು.
ಒಣಸಿಪ್ಪೆ ಧಗ್ಗೆಂದು ಹತ್ತಿ
ಬೆಂಡೆಯ ಲೋಳೆಗೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂದು
ಕಬ್ಬಿನ ಹಾಲು ಕೊತಕೊತ.

ಪಾಕ ಹಿಡಿಯುವವನು ಚಿಕ್ಕಬೋರಣ್ಣ.
ಹುಬ್ಬು ಅರ್ಧ ಸುಟ್ಟಿದೆ, ಮಾತು ಅದಕ್ಕಿಂತ ಕಡಿಮೆ.
"ಪಾಕ ಬಂತು ಅಂತ ಹೇಗೆ ಗೊತ್ತಾಗುತ್ತೆ?"
"ಬಂದಾಗ ಗೊತ್ತಾಯ್ತದೆ ಕಣವ್ವ."
"ಒಮ್ಮೆಯೂ ನೋಡದವಳಿಗೆ?"
ಅವನು ಬಟ್ಟಲು ತಣ್ಣೀರು ನನ್ನ ಮುಂದೆ ಇಟ್ಟ.

ಒಂದು ಹನಿ ಬಿಟ್ಟ. ಹೊಗೆಯ ಹಾಗೆ ಹರಡಿತು.
"ಇದಲ್ಲ" ಅಂದ.
ಇನ್ನೊಂದು. ನೂಲಾಗಿ ಇಳಿದು ತಳದಲ್ಲಿ ಕರಗಿತು.
"ಇದಲ್ಲ" ಅಂದೆ, ಅವನಿಗಿಂತ ಮೊದಲು.
ಅಂದ ಮೇಲೆ ಬೆಚ್ಚಿದೆ.
ಯಾವುದು ಎಂಬುದೇ ಗೊತ್ತಿಲ್ಲದ ನನಗೆ
ಯಾವುದಲ್ಲ ಎಂಬುದನ್ನು ಹೇಳಿದವರು ಯಾರು?

ತೇಜಾವತಿಯ ತಮ್ಮ ಕಾಲೇಜಿನ ಥರ್ಮಾಮೀಟರು ತಂದಿದ್ದ:
"ನೂರ ಹದಿನೆಂಟು ಡಿಗ್ರಿ. ಅಷ್ಟೇ ಅಕ್ಕ, ಮುಗೀತು."
ಬೋರಣ್ಣ ಆ ಗಾಜಿನ ಕಡ್ಡಿಯನ್ನು ಬೆಂಕಿಯ ಬೆಳಕಿಗೆ ಹಿಡಿದು
ಮರ್ಯಾದೆಯಿಂದಲೇ ಕೇಳಿದ:
"ಇದ್ಕೆ ಯಾರಪ್ಪ ಯೋಳ್ಕೊಟ್ಟೋರು?"

ನನಗೆ ಆಗ ಹೊಳೆದವನು ಇನ್ನೊಬ್ಬ,
ಬೆಲ್ಲ ಎಂಬ ಮಾತೇ ಇರದ ಕಾಲದವನು.
ಹಾಲು ಹುಳಿಯಾಗದಿರಲಿ ಎಂದಷ್ಟೇ ಮಡಕೆಗೆ ಬೆಂಕಿ ಇಟ್ಟು
ತೂಕಡಿಸಿ, ಎದ್ದು, ಅಯ್ಯೋ ಎಂದು ತಳ ಕೆರೆದು
ಬೆರಳು ಬಾಯಿಗಿಟ್ಟವನು.
ಅವನು ಏನನ್ನೂ ಹುಡುಕಿರಲಿಲ್ಲ.
ಆದರೆ ಮರುದಿನ?
ಮರುದಿನ ಅವನು ಮತ್ತೆ ಒಲೆ ಹೊತ್ತಿಸಿದನಲ್ಲ,
ನಿದ್ದೆಗೆಟ್ಟು ಕಾದನಲ್ಲ,
ಆ ಕಾಯುವಿಕೆಗೆ ಏನೆಂದು ಹೆಸರು?

ಬೋರಣ್ಣ ತಾನಾಗಿಯೇ ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ.
"ನಂಗೆ ಅನ್ನೆಲ್ಡು ವರ್ಸ. ನಮ್ಮಪ್ಪ ಏನೂ ಯೋಳ್ಕೊಡ್ನಿಲ್ಲ.
ಮೊದಲ್ನೇದು ಜೋನಿ ಆಯ್ತು. ಆಮ್ಯಾಕೆ ಒಂದು ಕಲ್ಲಾಯ್ತು.
ಇನ್ನೊಂದು ಸೀದೋಗಿ ದನಾನೂ ಮೂಸ್ನಿಲ್ಲ.
ಅಪ್ಪ ಕೆನ್ನೆಗೆ ಬಿಟ್ಟ, ಅದು ಬುಡು.
ನಾಕ್ನೇ ಕೊಪ್ಪರ್ಗೆ ತಾನೇ ಮಾತಾಡ್ತು."
"ಏನಂತು?"
"ಸಾಕು ಅಂತು."

ನಾನು ಕಿವಿಯಿಟ್ಟು ಕೂತೆ.
ಕೊತಕೊತ ಇಳಿದು ಲೊಚಲೊಚವಾಯಿತು,
ಗುಳ್ಳೆಗಳು ದೊಡ್ಡದಾಗಿ, ಸೋಮಾರಿಯಾಗಿ,
ಒಂದೊಂದೇ ಕಣ್ಣು ಬಿಟ್ಟು ಮುಚ್ಚಿದವು.
ಮೂರನೇ ಹನಿ ನೀರಲ್ಲಿ ಉಂಡೆಗಟ್ಟಿತೋ ಇಲ್ಲವೋ
ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ
ಕೊಪ್ಪರಿಗೆ ವಾಲಿಯಾಗಿತ್ತು.
ಹಲಗೆಯ ಹಾಸಿನ ಮೇಲೆ ಬಂಗಾರ ಹರಿಯುತ್ತಿತ್ತು.
ಸಾಕು ಅಂದದ್ದು ನನಗೆ ಕೇಳಲೇ ಇಲ್ಲ.

ಬಿಸಿಬೆಲ್ಲವನ್ನು ಕಬ್ಬಿನ ತುಂಡಲ್ಲಿ ತೋಡಿ ಕೊಟ್ಟ.
ನಾಲಿಗೆ ಸುಟ್ಟಿತು. ಅದೇ ಇದು.
ಮೊದಲ ಸಲವೇ, ಅದೇ ಇದು.
ನಗಬೇಡಿ, ಇದನ್ನು ನಾನು ವಾದವೆಂದು ಹೇಳುತ್ತಿಲ್ಲ.
ಹುಟ್ಟಿದಂದಿನಿಂದ ಬೆಲ್ಲ ತಿಂದವಳು,
ಸಾಕ್ಷಿ ಹೇಳಲು ನನಗೆ ಯೋಗ್ಯತೆ ಎಲ್ಲಿದೆ.

ಭಾನುವಾರ ರಾತ್ರಿ, ಹಾಸ್ಟೆಲಿನ ಮೇಜು.
ಐದು ಪುಟದಲ್ಲಿ ಒಂದರ ತಲೆಯಲ್ಲಿ ಪ್ರಶ್ನೆ ಬರೆದು
ಹೆಬ್ಬೆರಳೂರಿ ಹಾಗೇ ಮಲಗಿಬಿಟ್ಟಿದ್ದೆ.
ಬೆಳಿಗ್ಗೆ ನೋಡಿದರೆ
ಕಿಟಕಿಯ ಸಂದಿಯಿಂದ, ಗೋಡೆಯ ಬಿರುಕು ಹಿಡಿದು,
ಮೇಜಿನ ಕಾಲು ಹತ್ತಿ ಒಂದೇ ಸಾಲು ಇರುವೆ,
ಪ್ರಶ್ನಾರ್ಥಕ ಚಿಹ್ನೆಯ ಸುತ್ತ ಮುತ್ತಿಕೊಂಡು
ಏನನ್ನೋ ಕಿತ್ತು ಕಿತ್ತು ಒಯ್ಯುತ್ತಿವೆ.

ಊದಿ ಓಡಿಸಲು ಬಾಯಿ ತೆರೆದೆ.
ಗಂಟೆ ಒಂಬತ್ತೂವರೆ, ಹತ್ತಕ್ಕೆ ತರಗತಿ.
ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದು
ಕುರ್ಚಿ ಎಳೆದುಕೊಂಡು ಕೂತೆ.