ಸವೆದ ಹಲ್ಲು

"ರಾತ್ರಿಯೆಲ್ಲ ಏನು ಅಗಿಯುತ್ತೀರಿ, ಅನಕ್ಲೇತು?"
ದಂತವೈದ್ಯೆ ಕನ್ನಡಿ ಹಿಡಿದಳು.
ದವಡೆ ಹಲ್ಲು ಎರಡೂ ಕಡೆ
ನನ್ನ ಟ್ರಾಮಿನ ಹಳಿಯಂತೆ ಚಪ್ಪಟೆ, ನುಣುಪು.

ಏನೂ ಇಲ್ಲ, ಎಂದೆ.
ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದೆ:
ಮೂರು ನಿಮಿಷ ತಡ, ಅದಕ್ಕೊಂದು ಚೀಟಿ,
ಹಳಿ ಮೇಲೆ ನಿಂತ ಮೀನಿನ ವ್ಯಾನು,
ಹಗಲು ಹಲ್ಲು ಕಚ್ಚಿ ನುಂಗಿದ ಮಾತೆಲ್ಲ
ರಾತ್ರಿ ಮೆಲುಕು ಹಾಕುತ್ತಿದ್ದೆನೇ, ದನದ ಹಾಗೆ!

ಹೆಗಲು ಕಿವಿವರೆಗೆ ಏರಿದ್ದೂ ಆಗಲೇ ಕಂಡದ್ದು.

ಇವತ್ತು ಪೋರ್ಟೊದ ಕೊನೆಯ ನಿಲ್ದಾಣದಲ್ಲಿ
ಹಗ್ಗ ಜಗ್ಗಿ ತಂತಿಕೋಲು ತಿರುಗಿಸಿದವನು
ಕೂಡಲೇ ಹೊರಡಲಿಲ್ಲ.
ಎದುರಿಗೆ ನದಿ, ತಾನು ಸಿಹಿಯೋ ಉಪ್ಪೋ
ಇನ್ನೂ ತೀರ್ಮಾನಿಸಿರಲಿಲ್ಲ.
ಬಾಯಿ ತಾನಾಗಿ ತೆರೆಯಿತು. ಆಕಳಿಕೆ.
ಮುಂದಿನ ಸೀಟಿನ ಅಜ್ಜಿಗೂ ಅಂಟಿತು.
ಗಡಿಯಾರ ನೋಡಲು ಎತ್ತಿದ್ದ ಕೈಯನ್ನು
ಮತ್ತೆ ಮಡಿಲಲ್ಲಿಟ್ಟುಕೊಂಡಳು.